ಅದು ನೀರಲ್ಲ ಸರ್, ನಿಮ್ಮ ಬೆವರು

ತಣ್ಣೀರಿನಲ್ಲಿ ಮುಳುಗುವಾಗ ಒಳಗೆ ನೀರು ಬರದ ಹಾಗೆ ಹಾಕಿಕೊಳ್ಳುವ ಉಡುಪಿಗೆ ಡ್ರೈಸೂಟ್ ಅನ್ನುತ್ತಾರೆ. ಅದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವ ಯೋಚನೆ ಇರುವವರು ಇದನ್ನು ಓದಿ. ಮಾರುವವನು ಕನ್ನಡದವನು, ನಮ್ಮ ಕಡೆಯವನು, ಮೋಸ ಮಾಡಲ್ಲ ಅಂದುಕೊಂಡಿದ್ದರೆ ಎರಡು ಸಲ ಓದಿ. ನಾನು 380 ಪೌಂಡ್ ಎಣಿಸಿ ಒಂದು ತೂತು ಚೀಲ ತಂದಿದ್ದೇನೆ. ಬರೆಯುವುದಕ್ಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ.

ನಾನು ಶಿವಮೊಗ್ಗದವನು. ಇಂಗ್ಲೆಂಡಿನ ಲೆಸ್ಟರಿಗೆ ಬಂದು ಎರಡು ವರ್ಷ ಆಯಿತು. ಡೈವಿಂಗ್ ಹುಚ್ಚು ಹತ್ತಿದ್ದು ಮುರ್ಡೇಶ್ವರಕ್ಕೆ ಹೋದಾಗ, ನೇತ್ರಾಣಿ ದ್ವೀಪದಲ್ಲಿ. ಅಲ್ಲಿ ನೀರು 28 ಡಿಗ್ರಿ ಆಸುಪಾಸು. ತೆಳ್ಳನೆ ವೆಟ್‌ಸೂಟ್ ಹಾಕಿಕೊಂಡು ಬೋಟಿನಿಂದ ಹಾರಿದರೆ ಆಯಿತು. ಅದೂ ಚಳಿಗಲ್ಲ, ಮೈ ತರಚದಿರಲಿ ಅಂತ. ಇಲ್ಲಿ ನಮ್ಮ ಮನೆಗೆ ಹತ್ತಿರ ಅಂದರೆ ಸ್ಟೋನಿ ಕೋವ್. ಹಳೇ ಗ್ರಾನೈಟ್ ಕ್ವಾರಿ, ಈಗ ನೀರು ತುಂಬಿಕೊಂಡಿದೆ. ಮೆಟ್ಟಿಲು ಮೆಟ್ಟಿಲಾಗಿ ಸುಮಾರು 36 ಮೀಟರ್ ತನಕ ಆಳ. ಇಂಗ್ಲೆಂಡಿನಲ್ಲಿ ಡೈವಿಂಗ್ ಕಲಿಯುವವರು ಬಹಳ ಜನ ಅಲ್ಲೇ ಮೊದಲ ಸಲ ಮುಳುಗುತ್ತಾರೆ. ನಾನು ಇಳಿದದ್ದು ಫೆಬ್ರವರಿಯಲ್ಲಿ. ಅವತ್ತು ನೀರು 5 ಡಿಗ್ರಿ.

5 ಡಿಗ್ರಿ ಗಾಳಿಯಲ್ಲಿ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗಬಹುದು. ನೀರಿನಲ್ಲಿ ಆ ಆಟ ನಡೆಯುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖ ಎಳೆದುಕೊಳ್ಳುತ್ತದೆ. ದಪ್ಪ ವೆಟ್‌ಸೂಟ್ ಹಾಕಿ ಇಳಿಯುವ ಗಟ್ಟಿ ಜನ ಇದ್ದಾರೆ, ಆದರೆ ಅದರ ನಿಯೋಪ್ರೀನ್ ಅನ್ನುವ ರಬ್ಬರಿನ ಒಳಗಿರುವುದು ಪುಟ್ಟ ಪುಟ್ಟ ಗುಳ್ಳೆಗಳು. 20 ಮೀಟರಿಗೆ ಹೋದರೆ ಒತ್ತಡ ಮೇಲಿನದರ ಮೂರು ಪಟ್ಟು. ಗುಳ್ಳೆಗಳೆಲ್ಲ ಹಿಂಡಿಹೋಗಿ ಸೂಟು ತೆಳ್ಳಗಾಗುತ್ತದೆ, ಬೆಚ್ಚಗೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಹಾಗಾಗಿ ಇಲ್ಲಿ ಚಳಿಗಾಲಕ್ಕೆ ಡ್ರೈಸೂಟ್. ನಾನು ತಗೊಂಡದ್ದು ಟ್ರೈಲ್ಯಾಮಿನೇಟ್, ಅಂದರೆ ಮೂರು ಪದರದ ಬಟ್ಟೆಯ ಸೂಟು, ಮುಟ್ಟಿದರೆ ಗಟ್ಟಿ ರೇನ್‌ಕೋಟ್ ಇದ್ದ ಹಾಗೆ. ಆ ಬಟ್ಟೆಗೆ ಬೆಚ್ಚಗಿಡುವ ಗುಣವೇ ಇಲ್ಲ. ಬೆಚ್ಚಗಿಡುವುದು ಒಳಗೆ ಹಾಕುವ ಅಂಡರ್‌ಸೂಟ್ ಮತ್ತು ಅದರಲ್ಲಿ ನಿಂತ ಗಾಳಿ. ಒಳಗೆ ನೀರು ಬಂತೋ, ಕಥೆ ಮುಗಿಯಿತು.

ಹೊಸದಕ್ಕೆ ಸಾವಿರ ಪೌಂಡಿನ ಮೇಲೂ ಆಗಬಹುದು. ಹಬ್ಬಕ್ಕೆ, ಪಾಟ್‌ಲಕ್‌ಗೆ ಅಂತ ಇಲ್ಲಿ ನಮ್ಮದೊಂದು ಕನ್ನಡದವರ ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ಒಂದು ದಿನ ಮೆಸೇಜ್ ಬಂತು: "ಡ್ರೈಸೂಟ್ ಮಾರಾಟಕ್ಕಿದೆ. ಆರೇ ಡೈವ್ ಆಗಿರೋದು. ಒಂದು ಹನಿ ನೀರೂ ಒಳಗೆ ಬರಲ್ಲ. 450 ಪೌಂಡ್." ಫೋನ್ ಮಾಡಿದೆ.

"ಯಾವೂರು ಸರ್ ನಿಮ್ದು?"

"ಶಿವಮೊಗ್ಗ."

"ಅಯ್ಯೋ, ನಮ್ಮ ಅತ್ತೆ ಮನೆ ಭದ್ರಾವತಿ!"

ಅಷ್ಟೇ. ಅಲ್ಲಿಗೆ ನನ್ನ ಬುದ್ಧಿಗೆ ಮಂಕು ಕವಿಯಿತು.

ಅವನ ಮನೆಗೆ ಹೋದರೆ ಫಿಲ್ಟರ್ ಕಾಫಿ, ಕೋಡುಬಳೆ. ಅತ್ತೆ ಮಾಡಿ ಕಳಿಸಿದ್ದಂತೆ. ಅರ್ಧ ಗಂಟೆ ಊರ ಮಾತೇ ಆಯಿತು. ಆಮೇಲೆ ಸೂಟ್ ತಂದ. ಹಾಕಿ ನೋಡಿದೆ, ಅಳತೆ ಹೊಲಿಸಿದ ಹಾಗೆ ಕೂತಿತು. ಇದರ ಜಿಪ್ ಹಿಂದೆ, ಬೆನ್ನ ಮೇಲೆ, ಈ ಭುಜದಿಂದ ಆ ಭುಜಕ್ಕೆ. ಹಾಕಿಕೊಂಡವನ ಕಣ್ಣಿಗೆ ಕಾಣುವುದೇ ಇಲ್ಲ. ನಾನು ಕೈ ಹಿಂದೆ ಒಯ್ದರೆ ಅವನು ತಡೆದ. "ನೀವು ಸುಮ್ನೆ ನಿಂತ್ಕೊಳ್ಳಿ ಸರ್, ಈ ಹಿತ್ತಾಳೆ ಜಿಪ್ ಬಹಳ ಸೂಕ್ಷ್ಮ. ನಾನೇ ಹಾಕ್ತೀನಿ." ಹಿಂದೆ ನಿಂತು ನಿಧಾನಕ್ಕೆ, ಮಗುವಿಗೆ ಸ್ಕೂಲ್ ಯೂನಿಫಾರ್ಮ್ ಹಾಕುವ ಹಾಗೆ ಹಾಕಿದ. ಎಷ್ಟು ಒಳ್ಳೆ ಮನುಷ್ಯ ಅಂದುಕೊಂಡೆ! ಬಿಚ್ಚುವಾಗಲೂ ಅವನೇ ಬಿಚ್ಚಿದ. ಬಿಚ್ಚಿದ ಕೂಡಲೇ ಮಡಚಿ ಬ್ಯಾಗಿಗೆ ತುರುಕಿದ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ನೀರು ನುಗ್ಗದ ಹಾಗೆ ಕುತ್ತಿಗೆಗೆ ಬಿಗಿಯಾಗಿ ಕೂರುವ ಲೇಟೆಕ್ಸ್ ರಬ್ಬರಿನ ಪಟ್ಟಿ ಇರುತ್ತದಲ್ಲ, ಆ ಸೀಲಿಗೆ ಪೌಡರ್ ಬಳಿದಿದ್ದ. ಒಂದು ಹಿಡಿ ಇರಬೇಕು. ಸ್ನಾನ ಮಾಡಿಸಿದ ಕೂಸಿನ ವಾಸನೆ. ಸೀಲಿಗೆ ಟಾಲ್ಕ್ ಹಾಕುವುದು ಎಲ್ಲರೂ ಮಾಡುವ ಕೆಲಸ, ಆದರೆ ವಾಸನೆ ಇಲ್ಲದ ಟಾಲ್ಕ್ ಹಾಕುತ್ತಾರೆ, ಸೆಂಟು ಎಣ್ಣೆ ಎಲ್ಲ ಲೇಟೆಕ್ಸಿಗೆ ಆಗಿಬರುವುದಿಲ್ಲ. ಹತ್ತು ವರ್ಷದಿಂದ ಡೈವ್ ಮಾಡುತ್ತಿದ್ದೇನೆ ಅನ್ನುವವನಿಗೆ ಇದು ಗೊತ್ತಿರಲಿಲ್ಲವಾ? ನನಗೆ ಗೊತ್ತಿರಲಿಲ್ಲ, ಅದು ಬಿಡಿ.

ಒಂದು ಮಾತು ಕೇಳಿದೆ, ಕೇಳಲಿಲ್ಲ ಅಂತಲ್ಲ. "ಗಾಳಿ ತುಂಬಿಸಿ ನೋಡೋಣವಾ?" ಅಂದೆ. "ಸಿಲಿಂಡರ್ ಖಾಲಿ ಇದೆಯಲ್ಲ ಸರ್. ನಂಬಿಕೆ ಇಲ್ವಾ?" ಅಂದ. ಬಾಯಲ್ಲಿ ಅವನ ಅತ್ತೆಯ ಕೋಡುಬಳೆ ಇಟ್ಟುಕೊಂಡು ನಂಬಿಕೆ ಇಲ್ಲ ಅಂತ ಹೇಗೆ ಹೇಳಲಿ?

380ಕ್ಕೆ ಇಳಿದ. ಮೇಲೆ 60 ಪೌಂಡಿಗೆ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಒಂದು ರೆಗ್ಯುಲೇಟರ್ ಕೊಟ್ಟ. ತಲೆಗೆ ಹಾಕುವ ನಿಯೋಪ್ರೀನ್ ಹುಡ್ ಫ್ರೀ. ಟೋಪಿ ಹಾಕಿದ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ನನಗೆ ಹಾಕಿದ್ದು 5 ಮಿಲಿಮೀಟರ್ ದಪ್ಪದ್ದು. ದುಡ್ಡು ಪೇಪಾಲ್‌ನಲ್ಲಿ. "ಸುಮ್ನೆ ಅವ್ರಿಗ್ಯಾಕೆ ಕಮಿಷನ್, ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಹಾಕಿ ಸರ್." ಹಾಗೆ ಕಳಿಸಿದ ದುಡ್ಡಿಗೆ ಕೊಂಡವರ ರಕ್ಷಣೆ ಇಲ್ಲ. ಇದು ಆಮೇಲೆ ಗೊತ್ತಾಯಿತು. ಆಮೇಲೆ ಗೊತ್ತಾದದ್ದು ಇನ್ನೂ ಬಹಳ ಇದೆ.

ಮನೆಗೆ ತಂದರೆ ನನ್ನ ಹೆಂಡತಿ ಕೇಳಿದ್ದು ಒಂದೇ: "ಸಂತೆಯಲ್ಲಿ ಮಡಕೆ ತಗೊಂಡ್ರೂ ತಟ್ಟಿ ನೋಡ್ತಾರೆ. ನೀವು ನೋಡಿದ್ರಾ?" "ನಮ್ಮವರೇ ಕಣೇ," ಅಂದೆ. ಈ ಉತ್ತರವನ್ನು ಅವಳು ಈಗ ದಿನಕ್ಕೊಂದು ಸಲ ನನಗೆ ವಾಪಸ್ ಹೇಳುತ್ತಾಳೆ.

ನನ್ನ ಡೈವ್ ಬಡ್ಡಿ, ಅಂದರೆ ನೀರಿಗೆ ಜೊತೆಯಲ್ಲಿ ಇಳಿಯುವವನು, ಅರವತ್ತು ದಾಟಿದ ಇಂಗ್ಲಿಷ್ ಅಜ್ಜ, ನಿವೃತ್ತ ಬಸ್ ಡ್ರೈವರ್. ನೀರಿಗೆ ಇಳಿಯುವ ಮೊದಲೇ ಕಾರ್ ಪಾರ್ಕಿನಲ್ಲಿ ನನ್ನ ರೆಗ್ಯುಲೇಟರ್ ಎತ್ತಿ, ಕನ್ನಡಕ ಹಣೆಗೆ ಏರಿಸಿ ನೋಡಿದ. ಇಎನ್ 250 ಅನ್ನುವ ಯುರೋಪಿನ ಮಾನದಂಡದ ಪಕ್ಕದಲ್ಲಿ, 10 ಡಿಗ್ರಿಗಿಂತ ಮೇಲೆ ಅನ್ನುವ ಗುರುತು ಕೆತ್ತಿತ್ತು. ಅಂದರೆ ತಣ್ಣೀರಿಗೆ ಪರೀಕ್ಷೆ ಪಾಸಾದ ಮಾಲಲ್ಲ. ಸಿಲಿಂಡರಿನ ಗಾಳಿ ರೆಗ್ಯುಲೇಟರಿನ ಮೊದಲ ಹಂತದಲ್ಲಿ ಒಮ್ಮೆಲೇ ಹಿಗ್ಗಿ ತಣ್ಣಗಾಗುತ್ತದೆ. ಸುತ್ತಲೂ ಇಂಥ ನೀರಿದ್ದರೆ ಐಸ್ ಕಟ್ಟಿ ವಾಲ್ವ್ ತೆರೆದೇ ಉಳಿದು, ಗಾಳಿಯೆಲ್ಲ ಬುಸ್ ಅಂತ ಹೊರಗೆ ಹೋಗಬಹುದು. ಅಜ್ಜ ಮಾತಾಡದೆ ಅದನ್ನು ನನ್ನ ಡಿಕ್ಕಿಯಲ್ಲಿಟ್ಟು ಬಾಡಿಗೆಗೆ ಬೇರೆ ತರಲು ಕಳಿಸಿದ. ಆಮೇಲೆ ಒಳಗೇನು ಹಾಕಿದ್ದೀಯ ಅಂದ. ಕಾಟನ್ ಬನಿಯನ್. ಬೈದ. ಹತ್ತಿ ಬೆವರು ಹೀರಿಕೊಂಡು ಮೈಗೆ ಅಂಟಿ ಕೂರುತ್ತದೆ, ಉಣ್ಣೆ ಹಾಕು ಅಂತ. ಇದು ನನ್ನದೇ ತಪ್ಪು, ಒಪ್ಪುತ್ತೇನೆ. ಉಳಿದದ್ದು ನನ್ನ ತಪ್ಪಲ್ಲ.

ಮೊದಲ ಮೆಟ್ಟಿಲು 7 ಮೀಟರ್. ಅಲ್ಲಿಗೆ ತಲುಪುವಷ್ಟರಲ್ಲಿ ಎಡ ಭುಜದ ಹಿಂದೆ ಯಾರೋ ಐಸ್ ಕಡ್ಡಿ ಇಟ್ಟು ಕೆಳಕ್ಕೆ ಎಳೆದ ಹಾಗಾಯಿತು. ಡ್ರೈಸೂಟ್ ಅಂದರೆ ಹೀಗೇ ಇರಬೇಕು ಅಂದುಕೊಂಡೆ. ನನ್ನ ಪೆದ್ದುತನ ನೋಡಿ. ಕೆಳಗೆ 20 ಮೀಟರ್ ಚಿಲ್ಲರೆಯಲ್ಲಿ ಸ್ಟೇನ್‌ಗಾರ್ತ್ ಅಂತ ಒಂದು ಹಳೇ ಟಗ್ ಬೋಟ್ ಇದೆ, 2000ದಲ್ಲಿ ಡೈವರ್‌ಗಳಿಗಾಗಿಯೇ ಮುಳುಗಿಸಿದ್ದು. ಅದನ್ನು ನೋಡುವ ಆಸೆ ಬಹಳ ಇತ್ತು. ಸ್ವಲ್ಪ ತಡೆದುಕೊಂಡರೆ ಆಯಿತು ಅಂತ ಮುಂದೆ ಹೋದೆ. ಬೆನ್ನು ಹೋಯಿತು, ಸೊಂಟ ಹೋಯಿತು, ಎಡಗಾಲು ಹೋಯಿತು. ಅಂಡರ್‌ಸೂಟ್ ಒದ್ದೆ ಕಂಬಳಿಯಾಯಿತು. ಹಲ್ಲು ಕಟಕಟ ಅನ್ನುತ್ತಿದ್ದವು, ಬಾಯಲ್ಲಿ ರೆಗ್ಯುಲೇಟರ್ ನಿಲ್ಲುತ್ತಿರಲಿಲ್ಲ. ಅಜ್ಜ ಹಿಂದಿನಿಂದ ಬಂದು ಕಾಲು ಹಿಡಿದೆಳೆದು ಮೇಲೆ ಅಂತ ಹೆಬ್ಬೆರಳು ತೋರಿಸಿದ. ಇಳಿದು 11 ನಿಮಿಷ ಆಗಿತ್ತು. ಟಗ್ ಬೋಟಿನ ಮೂತಿ ಕೂಡ ಕಾಣಲಿಲ್ಲ.

ನೀರಿನೊಳಗೆ ಇರುವ ತನಕ ಸೂಟಿನೊಳಗಿನ ನೀರು ಭಾರ ಅನ್ನಿಸುವುದಿಲ್ಲ. ದಡ ಹತ್ತುವಾಗ ಗೊತ್ತಾಗುತ್ತದೆ. ಎಡಗಾಲಿಗೆ ತುಂಬಿದ ಕೊಡ ಕಟ್ಟಿದ ಹಾಗೆ. ಬಕಲ್ ಬಿಚ್ಚಲು ಬೆರಳು ಮಡಚುತ್ತಿಲ್ಲ. ನನ್ನ ಬೂಟು ತಿರುಗಿಸಿದರೆ ಕಾಲು ಲೀಟರ್ ಅಲ್ಲ, ಚೆಂಬುಗಟ್ಟಲೆ ನೀರು. ಹತ್ತಿಪ್ಪತ್ತು ಜನ ನೋಡುತ್ತಿದ್ದರು. ಅಜ್ಜ ಟೀ ಹಿಡಿಸಿ ಹೇಳಿದ: "ನಿನ್ನ ಬೆನ್ನಿನ ಜಿಪ್ಪಿನಿಂದ ಉದ್ದಕ್ಕೂ ಗುಳ್ಳೆ ಬರುತ್ತಿತ್ತು."

ರಿಪೇರಿಯವನ ಹತ್ತಿರ ಹೋದೆ. ಅವನು ಜಿಪ್ಪನ್ನು ದೀಪದ ಕೆಳಗೆ ಬಗ್ಗಿಸಿ, ಉಗುರಿನಲ್ಲಿ ಕೆರೆದ. ಮೇಣದ ದಪ್ಪ ಪದರ ಎದ್ದು ಬಂತು. ಹಿತ್ತಾಳೆ ಜಿಪ್ಪಿಗೆ ಮೇಣ ಉಜ್ಜುವುದು ಸರಿಯೇ, ಸರಾಗ ಓಡಲಿ ಅಂತ. ಆದರೆ ಇದರ ಕೆಳಗೆ ಎಡ ಭುಜದ ಹತ್ತಿರ ಮೂರು ಹಲ್ಲು ಇಲ್ಲ. ಪಟ್ಟಿ ಸೀಳಿದ ಜಾಗಕ್ಕೆ ಅಂಟು ಮೆತ್ತಿದೆ. ಕುತ್ತಿಗೆ ಸೀಲಿನ ಪೌಡರ್ ಒರೆಸಿದರೆ ಲೇಟೆಕ್ಸ್ ಕರಗಿದ ಬೆಲ್ಲದ ಹಾಗೆ ಬೆರಳಿಗೆ ಅಂಟುತ್ತಿತ್ತು. ಆಗ, ಆ ಕ್ಷಣಕ್ಕೆ, "ನೀವು ಸುಮ್ನೆ ನಿಂತ್ಕೊಳ್ಳಿ ಸರ್" ಅಂದದ್ದು ಕಿವಿಯಲ್ಲಿ ಕೇಳಿಸಿತು. ನೀರಿನಲ್ಲಿ ಆದ ಚಳಿ ಏನೂ ಅಲ್ಲ. ಆ ಅಂಗಡಿಯಲ್ಲಿ ನಿಂತು ಮುಖ ಬಿಸಿಯಾಯಿತಲ್ಲ, ಅದು ಇನ್ನೂ ಆರಿಲ್ಲ.

ಜಿಪ್ಪಿಗೆ 230, ಸೀಲುಗಳಿಗೆ 140. ಒಟ್ಟು 370 ಪೌಂಡ್. ಸೂಟಿಗೆ ಕೊಟ್ಟದ್ದು 380!

ಈಗ ಅವನ ಉತ್ತರಗಳನ್ನು ಕೇಳಿ. ನೀರು ಬಂತು ಅಂದೆ. "ಅದು ನೀರಲ್ಲ ಸರ್, ನಿಮ್ಮ ಬೆವರು. ಹೊಸಬರಿಗೆ ಗೊತ್ತಾಗಲ್ಲ." 5 ಡಿಗ್ರಿ ನೀರಿನಲ್ಲಿ 11 ನಿಮಿಷಕ್ಕೆ ಚೆಂಬುಗಟ್ಟಲೆ ಬೆವರಿದೆನಂತೆ. ನಾನೇನು ಮನುಷ್ಯನೋ ಕಾರಂಜಿಯೋ? ಡ್ರೈಸೂಟಿನೊಳಗೆ ಬೆವರಿ ತೇವ ಆಗುವುದು ಇದೆ, ಸುಳ್ಳಲ್ಲ. ಅದು ಎಲ್ಲ ಕಡೆ ತೆಳ್ಳಗೆ ಆಗುತ್ತದೆ. ಒಂದು ಭುಜದಿಂದ ಶುರುವಾಗಿ ಒಂದೇ ಬೂಟಿಗೆ ಹರಿದು ಹೋಗುವುದಿಲ್ಲ. ಬೆನ್ನಿನಿಂದ ಗುಳ್ಳೆಯೂ ಬಿಡುವುದಿಲ್ಲ.

ಜಿಪ್ ಫೋಟೋ ಕಳಿಸಿದೆ. "ನೀವೇ ಎಳೆದು ಹಾಳು ಮಾಡಿರಬೇಕು ಗುರು." ಸರ್ ಹೋಗಿ ಗುರು ಆಯಿತು. ಹಾಗಾದರೆ ಅಂಟು ಯಾರು ಹಚ್ಚಿದ್ದು ಅಂದೆ. ಅದಕ್ಕೆ ಒಂದು ನಗುವ ಇಮೋಜಿ. ರೆಗ್ಯುಲೇಟರ್ ಗುರುತಿನ ವಿಷಯ ಎತ್ತಿದೆ. "ಅದು ಸುಮ್ನೆ ಹಾಕಿರ್ತಾರೆ, ನಾನು ಎಷ್ಟೋ ಸಲ ಇಳಿದಿದ್ದೀನಿ." ಸುಮ್ನೆ ಹಾಕಿರ್ತಾರೆ! ಮೂವತ್ತು ಮೀಟರ್ ಕೆಳಗೆ ಉಸಿರಾಡುವ ಯಂತ್ರದ ಮೇಲೆ!

ಕೊನೆಗೆ ದುಡ್ಡು ವಾಪಸ್ ಕೊಡಿ ಅಂದೆ. ಅಷ್ಟು ದಿನ ಕನ್ನಡ ಬಿಟ್ಟು ಬೇರೆ ಮಾತಾಡದವನು ಒಮ್ಮೆಲೇ ಇಂಗ್ಲಿಷಿಗೆ ಹಾರಿದ. "ಐಟಂ ವಾಸ್ ಸೋಲ್ಡ್ ಆ್ಯಸ್ ಸೀನ್. ನೋ ರಿಟರ್ನ್ಸ್. ಪ್ಲೀಸ್ ಡೋಂಟ್ ಹರ್ಯಾಸ್ ಮಿ." ನೋಡಿದ ಹಾಗೆ ಮಾರಿದ್ದು ಅಂತೆ. ನನ್ನ ಬೆನ್ನು ನಾನು ಎಲ್ಲಿಂದ ನೋಡಲಿ ಮಾರಾಯ? ಭದ್ರಾವತಿ ಎಲ್ಲಿ ಹೋಯಿತು? ಕೋಡುಬಳೆ ಎಲ್ಲಿ ಹೋಯಿತು?

ಖಾಸಗಿಯಾಗಿ ಮಾರಿದರೂ ವಸ್ತು ವರ್ಣಿಸಿದ ಹಾಗೆ ಇರಬೇಕು ಅಂತ ಇಲ್ಲಿನ ಕಾನೂನಿದೆ. ಒಂದು ಹನಿ ನೀರು ಬರಲ್ಲ ಅಂತ ಬರೆದಿದ್ದನಲ್ಲ, ಅದೇ ಸಾಕ್ಷಿ ಅಂತ ಗ್ರೂಪಿನಲ್ಲಿ ಹುಡುಕಿದರೆ ಮೆಸೇಜೇ ಇಲ್ಲ. ಅಳಿಸಿ ಹಾಕಿದ್ದಾನೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೋಡುಬಳೆ ತಿನ್ನುವ ಮೊದಲೇ ತೆಗೆದಿಟ್ಟುಕೊಳ್ಳಿ.

ತಗೊಳ್ಳಲೇಬೇಕು ಅಂದರೆ ಮಣಿಕಟ್ಟಿನ ಸೀಲಿಗೆ ಎರಡು ಬಾಟಲಿ, ಕುತ್ತಿಗೆಗೆ ಒಂದು ಚೆಂಡೋ ಡಬ್ಬವೋ ಸಿಕ್ಕಿಸಿ, ಸೂಟಿನ ಗಾಳಿ ಹೊರಬಿಡುವ ಡಂಪ್ ವಾಲ್ವ್ ಬಿಗಿ ಮಾಡಿ, ಗಾಳಿ ತುಂಬಿ. ಜಿಪ್ಪಿಗೆ, ಹೊಲಿಗೆಗೆ ಸೋಪು ನೀರು ಚಿಮುಕಿಸಿ. ಗುಳ್ಳೆ ಎದ್ದರೆ ಮನೆಗೆ ಹೊರಡಿ. ಸಿಲಿಂಡರ್ ನೀವೇ ಒಯ್ಯಿರಿ, ಅವರದು ಯಾವತ್ತೂ ಖಾಲಿಯೇ ಇರುತ್ತದೆ. ಪೌಡರ್ ಒರೆಸಿ ನೋಡಿ. ಜಿಪ್ಪನ್ನು ಮೈಮೇಲೆ ಹಾಕಿಕೊಳ್ಳುವ ಮೊದಲು ಮೇಜಿನ ಮೇಲೆ ಹರಡಿ ಹಲ್ಲು ಹಲ್ಲೂ ನೋಡಿ. ಯಾರಾದರೂ ನಿಮ್ಮ ಹಿಂದೆ ನಿಂತು ನಾನೇ ಹಾಕ್ತೀನಿ ಅಂದರೆ, ಅತ್ತೆ ಮನೆ ಯಾವ ಊರಾದರೂ ಸರಿ, ಬೇಡ ಅನ್ನಿ.

ಸೂಟು ಈಗ ಗ್ಯಾರೇಜಿನಲ್ಲಿ ನೇತಾಡುತ್ತಿದೆ. ಅದರ ಜೊತೆ ಅಗಲ ಭುಜದ ಒಂದು ಹ್ಯಾಂಗರ್ ಕೊಟ್ಟಿದ್ದ, ಒಳ್ಳೆ ಗಟ್ಟಿ ಹ್ಯಾಂಗರ್. ಅವನು ಕೊಟ್ಟದ್ದರಲ್ಲಿ ತೂತಿಲ್ಲದ್ದು ಅದೊಂದೇ. ಮೊನ್ನೆ ಭಾನುವಾರ ಅವನಿಂದ ಮೆಸೇಜ್ ಬಂತು. ಮತ್ತೆ ಕನ್ನಡದಲ್ಲಿ. "ಸರ್, ಚೆನ್ನಾಗಿದ್ದೀರಾ? ಆ ಹ್ಯಾಂಗರ್ ನಂದು ನಿಮ್ಮ ಹತ್ರನೇ ಉಳ್ಕೊಂಡಿದೆ. ಬೇರೆ ಸೂಟ್ ಒಂದು ಕೊಡೋದಿದೆ, ಆ ಕಡೆ ಬಂದಾಗ ಇಸ್ಕೋತೀನಿ."

ಹ್ಯಾಂಗರ್ ಕೊಡುವುದಿಲ್ಲ.