‘ಏಳು ಲೀಟರ್’ ಎಂದು ಮಾರುವ ಚಿಕ್ಕ ಆಕ್ಸಿಜನ್ ಕಾನ್ಸಂಟ್ರೇಟರ್ ಕೊಳ್ಳುವ ಮುನ್ನ ಇದನ್ನು ಓದಿ

ಮನೆಯಲ್ಲಿ ಶ್ವಾಸಕೋಶದ ಕಾಯಿಲೆಯವರಿದ್ದು, ವೈದ್ಯರು ಆಕ್ಸಿಜನ್ ಬರೆದುಕೊಟ್ಟಿದ್ದರೆ, ‘ಒಂದರಿಂದ ಏಳು ಲೀಟರ್’ ಎಂದು ಡಬ್ಬದ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿರುವ ಚಿಕ್ಕ ಕಾನ್ಸಂಟ್ರೇಟರನ್ನು (ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಯಂತ್ರವನ್ನು) ದಯವಿಟ್ಟು ಕೊಳ್ಳಬೇಡಿ. ಮಂಗಳೂರಿನ ಒಂದು ಸರ್ಜಿಕಲ್ ಅಂಗಡಿಯವರು ಅಂಥದ್ದೊಂದನ್ನು 32,000 ರೂಪಾಯಿಗೆ ನಮ್ಮ ತಲೆಗೆ ಕಟ್ಟಿದರು. ಅದನ್ನು ನಂಬಿ ಮಲಗಿದ ನನ್ನ ತಂದೆ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಕೇಳಲು ಹೋದಾಗ, ತಿಳಿವಳಿಕೆಯಿಲ್ಲದ ಗಿರಾಕಿಯನ್ನು ಸಾಗಹಾಕುವ ಹಾಗೆ ನಮ್ಮನ್ನು ಸಾಗಹಾಕಿದರು. ದೂರು ಕೊಟ್ಟಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ತಂದೆಯವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಈಗ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಡಿಸ್ಚಾರ್ಜ್ ಆಗುವಾಗ ವೈದ್ಯರು ನಿಮಿಷಕ್ಕೆ 3 ಲೀಟರ್, ದಿನಕ್ಕೆ ಕನಿಷ್ಠ 15 ಗಂಟೆ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡ 88ರಿಂದ 92ರ ನಡುವೆ ಇರಬೇಕು ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ಚೀಟಿಯನ್ನು ಕೌಂಟರಿನ ಮೇಲಿಟ್ಟು, ಐದು ಲೀಟರಿನ ಮೆಷಿನ್ ಬೇಕೆಂದೇ ನಾವು ಕೇಳಿದ್ದು. “ಐದು ಲೀಟರಿನದ್ದು ಎಂತಕ್ಕೆ ಮಾರಾಯ್ರೆ, ಅದಕ್ಕಿಂತ ಕಡಿಮೆ ರೇಟಿಗೆ ಏಳು ಲೀಟರಿನದ್ದು ಉಂಟು. ನಿಮ್ಮ ಅಪ್ಪನಿಗೆ ಬೇಕಾದದ್ದು ಮೂರು, ಇದರಲ್ಲಿ ಡಬಲ್‌ಗಿಂತ ಜಾಸ್ತಿ ಸಿಗ್ತದೆ” ಎಂದರು. ಶುದ್ಧತೆ ಎಷ್ಟು ಎಂದು ಕೇಳಿದ್ದಕ್ಕೆ “ತೊಂಬತ್ತಮೂರು ಪರ್ಸೆಂಟ್” ಎಂದರು. ಎಷ್ಟು ಲೀಟರಿನಲ್ಲಿ ಎಂಬುದನ್ನು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ; ಹೇಳಬೇಕಾದ ವಿಷಯವೊಂದು ಅಲ್ಲಿ ಇದೆಯೆಂಬ ಸುಳಿವನ್ನೂ ಕೊಡಲಿಲ್ಲ. ಕರೆಂಟ್ ಬಿಲ್ ಬಂದದ್ದೇ ಗೊತ್ತಾಗುವುದಿಲ್ಲ ಎಂಬುದು ಅವರ ಇನ್ನೊಂದು ಹೊಗಳಿಕೆ. ಕೊನೆಗೆ ನೀರಿನ ಬಾಟಲಿಗೆ ಪೈಪು ಸಿಕ್ಕಿಸಿ, ಗುಂಡಿ ತಿರುಗಿಸಿ, “ನೋಡಿ, ಗುಳ್ಳೆ ಹೇಗೆ ಬರ್ತಾ ಉಂಟು, ಇದೆಲ್ಲ ಆಕ್ಸಿಜನ್” ಎಂದು ತೋರಿಸಿದರು. ಮೀನಿನ ತೊಟ್ಟಿಗೆ ಇಡುವ ಪಂಪೂ ಅಷ್ಟೇ ಗುಳ್ಳೆ ಬಿಡುತ್ತದೆ ಎಂಬ ಉತ್ತರ ಈಗ ಬಾಯಿಗೆ ಬರುತ್ತದೆ, ಆಗ ಬರಲಿಲ್ಲ.

ತಲುಪಿಸಲು ಬಂದ ಹುಡುಗ ಆ ಯಂತ್ರವನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದ. ನಿಜವಾದ ಐದು ಲೀಟರಿನ ಯಂತ್ರ ಸಾಮಾನ್ಯವಾಗಿ 14–16 ಕಿಲೋ ತೂಗುತ್ತದೆ ಮತ್ತು 300 ವ್ಯಾಟ್ ಆಸುಪಾಸು ವಿದ್ಯುತ್ ಎಳೆಯುತ್ತದೆ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಹುಡುಗ ಅದನ್ನು ಕಿಟಕಿಯ ಪರದೆಗೆ ಅಂಟಿಸಿದಂತೆ ಇಟ್ಟು ಹೋದ. ಗಾಳಿ ಎಳೆದುಕೊಳ್ಳುವ ಯಂತ್ರಕ್ಕೆ ಸುತ್ತ ಒಂದು ಅಡಿಯಾದರೂ ಜಾಗ ಬಿಡಬೇಕೆಂದು ಹೇಳುವ ಸೌಜನ್ಯವೂ ಇರಲಿಲ್ಲ.

ಮೂರು ಲೀಟರಿಗೆ ಇಟ್ಟು ಮಲಗಿಸಿದರೆ ರಾತ್ರಿಯಿಡೀ ತಂದೆಯವರ ಸ್ಯಾಚುರೇಷನ್ 83, 84. ಯಂತ್ರದ ಪರದೆಯ ಮೇಲೆ ಶುದ್ಧತೆ ಮಾತ್ರ ಹಸಿರು ಅಂಕಿಯಲ್ಲಿ 93. ಅಂಗಡಿಗೆ ಫೋನು ಮಾಡಿದರೆ, “ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಹಾಗೆ ತೋರಿಸ್ತದೆ, ಉಜ್ಜಿ ಬಿಸಿ ಮಾಡಿ” ಎಂದರು. ಉಜ್ಜಿದೆವು. “ಹಾಗಾದ್ರೆ ಐದಕ್ಕೆ ಇಡಿ, ಸಾಕಾಗದಿದ್ರೆ ಏಳಕ್ಕೆ ಇಡಿ, ಏನೂ ಆಗುದಿಲ್ಲ” ಎಂದರು. ಸಿಒಪಿಡಿ ರೋಗಿಗೆ ವೈದ್ಯರನ್ನು ಕೇಳದೆ ಆಕ್ಸಿಜನ್ ಏರಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುವ ಅಪಾಯವಿದೆ. ಸರಿಯಾದ ಯಂತ್ರವಿದ್ದ ಮನೆಗೂ ಇವರು ಫೋನಿನಲ್ಲಿ ಇದೇ ಸಲಹೆ ಕೊಟ್ಟರೆ ಏನಾಗಬಹುದು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮಲ್ಲಿ ಏಳಕ್ಕೆ ಇಟ್ಟರೂ ಅಂಕಿ ಮೇಲೇರಲಿಲ್ಲ. ಬೆಳಗಾಗುವ ಮೊದಲೇ ಆಂಬುಲೆನ್ಸ್ ಕರೆಸಬೇಕಾಯಿತು.

“ಮನೆಯಲ್ಲಿ ಆಕ್ಸಿಜನ್ ಕೊಡುತ್ತಿದ್ದೀರಾ ಇಲ್ಲವಾ?” ಎಂದು ವೈದ್ಯರು ವಾರ್ಡಿನಲ್ಲಿ ಎಲ್ಲರೆದುರು ಕೇಳಿದರು. ಕೊಡುತ್ತಿದ್ದೇವೆ ಎಂದು ಹೇಳಿದರೂ ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ನಾಚಿಕೆಯಾಗಬೇಕಾದದ್ದು ಯಾರಿಗೆ, ಆದದ್ದು ಯಾರಿಗೆ! ಬಾಡಿಗೆಗೆ ಬೇರೆ ಯಂತ್ರ ತಂದುಕೊಟ್ಟ ಟೆಕ್ನಿಷಿಯನ್ ತನ್ನ ಬಳಿಯಿದ್ದ ಆಕ್ಸಿಜನ್ ಅನಲೈಸರನ್ನು (ಶುದ್ಧತೆ ಅಳೆಯುವ ಉಪಕರಣವನ್ನು) ನಮ್ಮ ಯಂತ್ರದ ಪೈಪಿಗೆ ಹಿಡಿದಾಗ ವಿಷಯ ಬಯಲಾಯಿತು. ಒಂದು ಲೀಟರಿನಲ್ಲಿ 92, ಮೂರು ಲೀಟರಿನಲ್ಲಿ 44, ಏಳರಲ್ಲಿ 30. ಪರದೆ ಆಗಲೂ 93 ಎಂದೇ ಹೇಳುತ್ತಿತ್ತು. ಆತ ಏನೂ ಮಾತಾಡದೆ ಯಂತ್ರವನ್ನು ಮಗುಚಿ ಹಾಕಿ ತಳವನ್ನು ತೋರಿಸಿದ. ಅಲ್ಲಿ ರಬ್ಬರ್ ಕಾಲುಗಳ ನಡುವೆ, ಉಗುರಿನಷ್ಟಗಲದ ಚೀಟಿಯಲ್ಲಿ, ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಇದೇ ಲೆಕ್ಕ ಅಚ್ಚಾಗಿತ್ತು.

ವಿಷಯ ಇಷ್ಟೇ. ಗಾಳಿಯಲ್ಲಿ ಆಮ್ಲಜನಕ ಶೇಕಡ 21, ಸಾರಜನಕ ಶೇಕಡ 78. ಯಂತ್ರದೊಳಗಿನ ಜಿಯೋಲೈಟ್ ಹರಳುಗಳು ಒತ್ತಡದಲ್ಲಿ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತವೆ. ಕಂಪ್ರೆಸರೂ ಹರಳೂ ಚಿಕ್ಕದಾದರೆ ನಿಮಿಷಕ್ಕೆ ಒಂದು ಲೀಟರನ್ನಷ್ಟೇ ಸರಿಯಾಗಿ ಸೋಸಲು ಸಾಧ್ಯ. ಗುಂಡಿಯನ್ನು ಅದಕ್ಕಿಂತ ಮೇಲೆ ತಿರುಗಿಸಿದರೆ ಹೆಚ್ಚುವುದು ಬರೀ ಗಾಳಿ. ಒಂದು ಲೀಟರ್ ಶೇಕಡ 92ರಲ್ಲಿ, ಸಾದಾ ಗಾಳಿಗಿಂತ ಹೆಚ್ಚಾಗಿ ಸಿಗುವ ಆಮ್ಲಜನಕ ಸುಮಾರು 0.71 ಲೀಟರ್, ಏಳು ಲೀಟರ್ ಶೇಕಡ 30ರಲ್ಲಿ ಸಿಗುವುದು 0.63 ಲೀಟರ್. ಏಳಕ್ಕೆ ಇಟ್ಟರೆ ಸಿಗುವುದು ಒಂದಕ್ಕೆ ಇಟ್ಟದ್ದಕ್ಕಿಂತಲೂ ಕಡಿಮೆ! ಇದನ್ನು ‘ಏಳು ಲೀಟರ್’ ಎಂದು ಮಾರುತ್ತಾರೆ.

ಅಂಗಡಿಯವರ ಉತ್ತರಗಳನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲು, ಅನಲೈಸರ್ ಸರಿಯಿಲ್ಲ. ಆಮೇಲೆ, “ಕೆಳಗೆ ಬರೆದಿದೆಯಲ್ಲ ಸರ್, ನೀವು ಓದ್ಲಿಲ್ವಾ?” ಅನಲೈಸರ್ ಸರಿಯಿಲ್ಲದಿದ್ದರೆ ಅದರ ಅಂಕಿಯೂ ಚೀಟಿಯ ಅಂಕಿಯೂ ಒಂದೇ ಆದದ್ದು ಹೇಗೆ ಎಂದು ಕೇಳಿದಾಗ ಮಾತು ಬದಲಾಯಿತು. “ನಮ್ಮ ಊರಿನ ಹ್ಯುಮಿಡಿಟಿಗೆ ಒಳಗಿನ ಹರಳು ಹಾಳಾಗ್ತದೆ, ಅದು ವಾರಂಟಿಗೆ ಬರುದಿಲ್ಲ.” ತೇವ ಜಿಯೋಲೈಟಿಗೆ ಶತ್ರು ಎಂಬುದು ನಿಜವೇ, ಕಡಲ ತೀರದ ಊರಿನಲ್ಲಿ ಯಂತ್ರ ಮಾರುವವರು ಅದನ್ನು ಮಾರುವ ಮೊದಲೇ ಹೇಳಬೇಡವೇ? ಹರಳು ಹಾಳಾಗಿದ್ದರೆ ಒಂದು ಲೀಟರಿನಲ್ಲಿ 92 ಬಂದದ್ದು ಹೇಗೆ? ಇದಕ್ಕೆ ಉತ್ತರವಿಲ್ಲ. “ರೋಗಿ ಬಳಸಿದ ಐಟಂ, ರಿಟರ್ನ್ ಇಲ್ಲ” ಎಂದು ಫೋನಿಟ್ಟರು.

ಕೊಳ್ಳುವವರು ವೈದ್ಯರು ಬರೆದ ಲೀಟರಿನಲ್ಲಿ ಶುದ್ಧತೆ ಎಷ್ಟೆಂದು ಕೇಳಿ, ನಿಮ್ಮೆದುರೇ ಅನಲೈಸರ್ ಹಿಡಿಸಿ ನೋಡಿ. ಒಳ್ಳೆಯ ಯಂತ್ರ ತನ್ನ ಪೂರ್ತಿ ಐದು ಲೀಟರಿನಲ್ಲಿಯೂ ಶೇಕಡ 90ಕ್ಕೆ ಕಡಿಮೆಯಿಲ್ಲದೆ ಕೊಡಬೇಕು; ಆ ಮಾತನ್ನು ಮಾಡೆಲ್, ಸೀರಿಯಲ್ ನಂಬರಿನೊಂದಿಗೆ ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಎದ್ದು ಬನ್ನಿ. ಸಾಧ್ಯವಾದರೆ ಮೊದಲು ಬಾಡಿಗೆಗೆ ತಂದು ನೋಡುವುದು ಲೇಸು. ಮಳೆಗಾಲದಲ್ಲಿ ಮೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಕಾರಣ ಒಂದು ಸಿಲಿಂಡರನ್ನಂತೂ ಮನೆಯಲ್ಲಿ ಇಟ್ಟಿರಲೇಬೇಕು. ಇದನ್ನೂ ನಮಗೆ ಆ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಅಂಗಡಿಯವರ ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿದೆ. “ಹದಿನೈದು ಸಾವಿರಕ್ಕೆ ನಾವೇ ವಾಪಸ್ ತಗೊಳ್ತೇವೆ, ಕ್ಲೀನ್ ಮಾಡಿ ಬೇರೆಯವರಿಗೆ ಕೊಡ್ಲಿಕ್ಕೆ ಆಗ್ತದೆ” ಎಂಬ ಸಂದೇಶ ಬಂದಿದೆ. ನಾನು ಒಪ್ಪಿಲ್ಲ. ಆ ಸಂದೇಶವನ್ನೂ ತಳದ ಚೀಟಿಯ ಫೋಟೊವನ್ನೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುವ ಅರ್ಜಿಯ ಜೊತೆ ಲಗತ್ತಿಸುತ್ತಿದ್ದೇನೆ. ಮಂಗಳೂರು, ಉಡುಪಿಯ ಕಡೆ ಇದೇ ರೀತಿಯ ಯಂತ್ರ ಕೊಂಡವರಿದ್ದರೆ ಈಗಲೇ ಅದನ್ನು ಮಗುಚಿ ತಳ ನೋಡಿ. ಆದರೆ ರೋಗಿಗೆ ಬೇರೆ ಆಕ್ಸಿಜನ್ ವ್ಯವಸ್ಥೆ ಮಾಡಿಕೊಂಡ ಮೇಲೆಯೇ ಯಂತ್ರವನ್ನು ಬಂದ್ ಮಾಡಿ.