ದುರ್ಗಿಗುಡಿಯ ಉದ್ಯೋಗ ಮಾರ್ಗದರ್ಶನ ಕೇಂದ್ರ: ಕೊಲ್ಲಿಯಿಂದ ಮರಳಿದವರಿಗೆ ಎಷ್ಟು ಉಪಯುಕ್ತ?

ತೈಲದ ಬೆಲೆ ಕುಸಿದಾಗ ಮೊದಲು ನಿಲ್ಲುವುದು ಹೊಸ ಬಾವಿಗಳ ಕೊರೆತ. ಅದರ ಬೆನ್ನಿಗೇ ರಿಗ್ (ಬಾವಿ ಕೊರೆಯುವ ಯಂತ್ರಸ್ಥಾವರ) ಮತ್ತು ಪೈಪ್‌ಲೈನ್‌ಗಳ ಗುತ್ತಿಗೆ ನೌಕರರು ಕೆಲಸ ಕಳೆದುಕೊಳ್ಳುತ್ತಾರೆ. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ, ಜಾಗತಿಕ ಬೆಲೆಗೆ ಅಳತೆಗೋಲಾದ ಬ್ರೆಂಟ್ ಕಚ್ಚಾತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿದಾಗಲೂ, 2020ರ ಪಿಡುಗಿನ ಕಾಲದಲ್ಲೂ ಹೀಗೆಯೇ ಆಯಿತು. ಅಂಥದೇ ಕೆಲಸ ಹೋಗಿ ಶಿವಮೊಗ್ಗಕ್ಕೆ ಮರಳಿದ ತಮ್ಮನೊಂದಿಗೆ ಈ ಪುಟ್ಟ ಕೇಂದ್ರಕ್ಕೆ ಹೋಗಿದ್ದೆ.

ಇಲ್ಲಿನ ಅತ್ಯುತ್ತಮ ಸೇವೆಯೆಂದರೆ ಬಯೋಡೇಟಾ ತಿದ್ದುವುದು. ಅವನು ಯಾವ ಬಗೆಯ ವೆಲ್ಡಿಂಗ್ ಪರೀಕ್ಷಿಸುತ್ತಿದ್ದ, ಶಬ್ದತರಂಗಗಳಿಂದ ಲೋಹದೊಳಗಿನ ಬಿರುಕು ಪತ್ತೆಮಾಡುವ ಅಲ್ಟ್ರಾಸಾನಿಕ್ ತಪಾಸಣೆಯಲ್ಲಿ ಎಷ್ಟು ಪಳಗಿದ್ದಾನೆ ಎಂಬುದನ್ನು ತಾಳ್ಮೆಯಿಂದ ಕೇಳಿ, ಮಾಚೇನಹಳ್ಳಿಯ ಫೌಂಡ್ರಿಗೂ ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೂ ಅರ್ಥವಾಗುವ ಹಾಗೆ ಬೇರೆ ಬೇರೆ ಪ್ರತಿಗಳನ್ನು ಬರೆದುಕೊಟ್ಟರು. ಕಚ್ಚಾತೈಲ ಅಗ್ಗವಾದಾಗ ಕೊರೆಯುವವರಿಗೆ ಬೀಳುವ ಪೆಟ್ಟು ಸಂಸ್ಕರಿಸುವವರಿಗೆ ಅಷ್ಟೇ ಬೀಳಬೇಕೆಂದಿಲ್ಲ ಎಂಬ ಅವರ ವಿವರಣೆ ತಮ್ಮನಿಗೆ ಧೈರ್ಯ ತುಂಬಿತು, ಮತ್ತು ಆ ಧೈರ್ಯ ಅವನಿಗೆ ಅಗತ್ಯವಾಗಿತ್ತು.

ಮತ್ತೆ ವಿದೇಶಕ್ಕೆ ಹೊರಡುವವರಿಗೆ, ಏಜೆಂಟರ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸುವುದನ್ನು ಇಲ್ಲಿ ಕಲಿಸುತ್ತಾರೆ. ಏಜೆಂಟರು ಪಡೆಯಬಹುದಾದ ಸೇವಾಶುಲ್ಕ ಜಿಎಸ್‌ಟಿ ಬಿಟ್ಟು ಗರಿಷ್ಠ 30,000 ರೂಪಾಯಿ. ಲಕ್ಷಗಟ್ಟಲೆ ಕೇಳುವವರ ಕೈಗೆ ಅಡಿಕೆ ತೋಟ ಅಡವಿಟ್ಟು ಹಣ ಕೊಡುವ ಕುಟುಂಬಗಳಿಗೆ ಈ ಒಂದು ಮಾಹಿತಿಯೇ ದೊಡ್ಡ ರಕ್ಷಣೆ.

ಸಂದರ್ಶನದ ತರಬೇತಿ ಮಾತ್ರ ಅವಸರದ್ದು. ಮನೆಯ ಸಾಲದ ಕಂತು, ಮಕ್ಕಳ ಶುಲ್ಕಗಳ ಕುರಿತೂ ಸಲಹೆ ಸಿಗುವಂತಿದ್ದರೆ ಚೆನ್ನಾಗಿತ್ತು. ತೀರ್ಥಹಳ್ಳಿ, ಹೊಸನಗರದ ಕಡೆಯವರು ಬೆಳಿಗ್ಗೆಯೇ ಬರುವುದು ಒಳ್ಳೆಯದು; ಮಧ್ಯಾಹ್ನದ ನಂತರ ಬಹಳ ಹೊತ್ತು ಕಾಯಬೇಕಾಗುತ್ತದೆ.