ಎರಡೇ ಗಂಟೆ ಇದ್ದರೆ ಲೇಪಾಕ್ಷಿಗೆ ಹೋಗಬಹುದಾ?

ನಾನು ಆಂಧ್ರದ ಹಿಂದೂಪುರದಲ್ಲಿ ಕೆಲಸ ಮಾಡುವುದರಿಂದ ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಯಾರೋ ನೆಂಟರು ಬಂದಿರುತ್ತಾರೆ, ರೈಲಿಗೆ ಇನ್ನೂ ಹೊತ್ತಿರುತ್ತದೆ, ಲೇಪಾಕ್ಷಿ ಇಲ್ಲಿಂದ ಬರೀ 15 ಕಿಲೋಮೀಟರ್ ಅಂತ ಗೊತ್ತಾದ ಕೂಡಲೇ "ಒಂದು ಸುತ್ತು ಹಾಕಿಕೊಂಡು ಬರೋಣವಾ?" ಅಂತ ಕೇಳುತ್ತಾರೆ. ಮೊದಲೆಲ್ಲಾ ಯೋಚನೆ ಮಾಡದೆ ಹೂಂ ಅಂತಿದ್ದೆ. ಈಗ ಒಂದು ಮಾತು ಕೇಳಿಯೇ ಹೊರಡುತ್ತೇನೆ. ಅಲ್ಲಿನ ವೀರಭದ್ರ ದೇವಸ್ಥಾನದ ಒಳಗೆ ನಿಮ್ಮ ಹತ್ತಿರ ಎಷ್ಟು ಹೊತ್ತು ಇದೆ? ಹೋಗಿ ಬರುವ ದಾರಿ ಬಿಟ್ಟು ಪೂರ್ತಿ ಎರಡು ಗಂಟೆ ಇದ್ದರೆ ಖಂಡಿತ ಹೋಗಿ, ಎಷ್ಟೇ ಜನ ಇರಲಿ. ಒಂದೇ ಗಂಟೆ ಇದ್ದು ಅದೂ ಭಾನುವಾರ ಆದರೆ ಬೇಡ, ಇನ್ನೊಂದು ಸಲ ಬನ್ನಿ. ಯಾಕೆ ಅಂತ ಹೇಳುತ್ತೇನೆ.

ಹೋದ ಕಾರ್ತಿಕದಲ್ಲಿ ಅಗಳಿಯಲ್ಲಿ ನಮ್ಮ ಕಡೆಯ ಒಂದು ಮದುವೆ ಇತ್ತು. ಹಾಸನದಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಮದುವೆ ಮುಗಿದ ಮಾರನೇ ದಿನ ಭಾನುವಾರ, ಮಧ್ಯಾಹ್ನ ಮೂರರ ಮೇಲೆ ಅವರಿಗೆ ಹಿಂದೂಪುರದಲ್ಲಿ ರೈಲು. ಬೆಳಿಗ್ಗೆ ಮಡಕಶಿರಾ ದಾಟಿ ಬರುವಾಗಲೇ ಚಿಕ್ಕಪ್ಪ ಲೇಪಾಕ್ಷಿ ಮಾತು ತೆಗೆದರು. ಹನ್ನೊಂದಕ್ಕೆ ಅಲ್ಲಿ ತಲುಪಿದೆವು. ರಸ್ತೆಯ ಎರಡೂ ಬದಿ ಬೆಂಗಳೂರಿನ ಕಾರುಗಳು, ನಾಲ್ಕು ಶಾಲೆ ಬಸ್ಸು, ಅದರ ಮಧ್ಯೆ ಎಳನೀರು ಗಾಡಿ, ಕಡಲೆಕಾಯಿ ಮಾರುವವರು. ಚಿಕ್ಕಮ್ಮ ಕಾರಿಂದ ಇಳಿಯಲೇ ಇಲ್ಲ. "ಈ ಜಾತ್ರೆಯೊಳಗೆ ಏನು ಕಾಣುತ್ತಪ್ಪಾ, ಇಲ್ಲೇ ನೆರಳಲ್ಲಿ ಕೂತಿರ್ತೀನಿ, ನೀವು ಹೋಗಿ ಬನ್ನಿ" ಅಂದರು. ಅವರಿಗೆ ಮಂಡಿ ನೋವು ಬೇರೆ. ನನಗೂ ಒಂದು ಕ್ಷಣ ವಾಪಸ್ ಹೋಗಿಬಿಡೋಣ ಅನ್ನಿಸಿತು.

ಸರಿ, ಮೊದಲು ಬಸವಣ್ಣನ್ನ ನೋಡೋಣ, ಆಮೇಲೆ ತೀರ್ಮಾನ ಮಾಡೋಣ ಅಂದೆ. ಇದು ಎಲ್ಲರಿಗೂ ಹೇಳುವ ಮಾತು. ನಂದಿ ಇರುವುದು ದೇವಸ್ಥಾನದ ಆವರಣದಲ್ಲಿ ಅಲ್ಲ, ಸ್ವಲ್ಪ ದೂರದಲ್ಲಿ ರಸ್ತೆ ಪಕ್ಕದ ತೋಟದಲ್ಲಿ. ಎಷ್ಟೇ ಜನ ಬಂದರೂ ಅಲ್ಲಿ ನೂಕಾಟ ಇರಲ್ಲ, ಯಾಕೆಂದರೆ ಬಯಲು, ಸುತ್ತ ಎಲ್ಲಿಂದ ಬೇಕಾದರೂ ಕಾಣುತ್ತದೆ. ಒಂದೇ ಬಂಡೆಯಲ್ಲಿ ಕಡೆದದ್ದು. ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ಗಾತ್ರಕ್ಕಿಂತ ನನಗೆ ಇಷ್ಟ ಆಗುವುದು ಕೊರಳ ಸರ, ಗಂಟೆ, ಬೆನ್ನ ಮೇಲೆ ಹೊದಿಸಿದ ಬಟ್ಟೆಯ ಅಂಚು. ತಲೆ ಎತ್ತಿಕೊಂಡು ಕೂತಿರುವ ರೀತಿ ನೋಡಿದರೆ ಈಗ ಎದ್ದು ನಿಲ್ಲುತ್ತದೇನೋ ಅನ್ನಿಸುತ್ತದೆ. ಚಿಕ್ಕಮ್ಮ ಇಲ್ಲಿ ಇಳಿದರು. ಒಂದು ಸುತ್ತು ಬಂದು, ಕೈ ಮುಗಿದು, "ಗುಡಿಗೂ ಹೋಗೋಣ ನಡಿ" ಅಂದರು. ಎದುರಿಗೆ ಬಂಡೆ ಮೇಲೆ ಜಟಾಯುವಿನ ದೊಡ್ಡ ವಿಗ್ರಹ ಇದೆ. ಸಮಯ ಕಡಿಮೆ ಇದ್ದವರು ಕೆಳಗಿನಿಂದಲೇ ನೋಡಿ ಸಾಕು.

ಈಗ ದೇವಸ್ಥಾನ. ಆಮೆಯ ಬೆನ್ನಿನ ಹಾಗಿರುವ ಒಂದು ಬಂಡೆಗುಡ್ಡದ ಮೇಲೆ ಕಟ್ಟಿದ್ದಾರೆ, ಅದಕ್ಕೇ ಕೂರ್ಮಶೈಲ ಅನ್ನುತ್ತಾರೆ. ವಿಜಯನಗರದ ಅಚ್ಯುತರಾಯನ ಕಾಲ, ಅಂದರೆ 1529ರಿಂದ 1542ರ ನಡುವೆ, ಪೆನುಕೊಂಡದಲ್ಲಿ ಅಧಿಕಾರದಲ್ಲಿದ್ದ ವಿರುಪಣ್ಣ, ವೀರಣ್ಣ ಅನ್ನುವ ಅಣ್ಣತಮ್ಮಂದಿರು ಕಟ್ಟಿಸಿದ್ದು. ಒಳಗೆ ಹೋದ ಕೂಡಲೇ ನಾಟ್ಯಮಂಟಪ. ಅಲ್ಲೇ ಎಲ್ಲರ ಸಮಯ ಹಾಳಾಗುವುದು, ಯಾಕೆಂದರೆ ಆ ಮಂಟಪದಲ್ಲೇ ಹೆಸರುವಾಸಿಯಾದ ನೇತಾಡುವ ಕಂಬ ಇದೆ.

ನನ್ನ ನೇರ ಅಭಿಪ್ರಾಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಮಯ ಕಡಿಮೆ ಇದ್ದರೆ ಆ ಕಂಬವನ್ನು ಬಿಟ್ಟುಬಿಡಿ. ಮಂಟಪದ ಸುಮಾರು 70 ಕಂಬಗಳಲ್ಲಿ ಒಂದರ ಬುಡ ನೆಲಕ್ಕೆ ಪೂರ್ತಿ ತಾಗಿಲ್ಲ, ಒಂದು ಮೂಲೆ ಮಾತ್ರ ತಾಗಿದಂತಿದೆ, ಸಂದಿನಲ್ಲಿ ಬಟ್ಟೆ ತೂರಿಸಿ ಆ ಕಡೆಯಿಂದ ಎಳೆಯುತ್ತಾರೆ. ಹಾಗೆ ಮಾಡಿದರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ನಂಬಿಕೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಆ ದಿನ ಅದರ ಮುಂದೆ ಅರವತ್ತು ಎಪ್ಪತ್ತು ಜನ ನಿಂತಿದ್ದರು, ಪ್ರತಿಯೊಬ್ಬರೂ ದುಪ್ಪಟ್ಟಾ ತೂರಿಸಬೇಕು, ಅದರ ವಿಡಿಯೋ ಆಗಬೇಕು, ಸರಿ ಬಂದಿಲ್ಲ ಅಂದರೆ ಇನ್ನೊಂದು ಸಲ. ಅಷ್ಟೂ ಜನರ ತಲೆ ಮೇಲೆ, ಅದೇ ಮಂಟಪದ ಚಾವಣಿಯಲ್ಲಿ, ಸುಮಾರು 500 ವರ್ಷದ ಹಿಂದಿನ ಚಿತ್ರಗಳಿವೆ. ಸಾಲಲ್ಲಿ ನಿಂತವರಲ್ಲಿ ಒಬ್ಬರಾದರೂ ತಲೆ ಎತ್ತಿದ್ದನ್ನು ನಾನು ನೋಡಲಿಲ್ಲ. ಹೊಟ್ಟೆ ಉರಿಯಿತು.

ನೀವು ಲೇಪಾಕ್ಷಿಗೆ ಬರಬೇಕಾದದ್ದೇ ಆ ಚಾವಣಿಗೆ. ವಿಜಯನಗರದ ಕಾಲದ ಕಲ್ಲಿನ ಕೆಲಸ ಹಂಪಿಯಲ್ಲಿ ಬೇಕಾದಷ್ಟಿದೆ, ಆದರೆ ಬಣ್ಣದ ಕೆಲಸ ಇಷ್ಟು ಉಳಿದಿರುವ ಜಾಗ ತೀರಾ ಕಡಿಮೆ. ಗಾರೆ ಬಳಿದು ಅದರ ಮೇಲೆ ಕೆಂಪು, ಕಾವಿ, ಹಳದಿ, ಬಿಳಿ, ಹಸಿರು, ಕಪ್ಪು ಗೆರೆಗಳಲ್ಲಿ ಬರೆದಿದ್ದಾರೆ. ಕೆಲವು ಕಡೆ ಗಾರೆ ಉದುರಿ ಹೋಗಿದೆ, ನೋಡಿದರೆ ಸಂಕಟ ಆಗುತ್ತದೆ. ಉಳಿದದ್ದೇ ಸಾಕಷ್ಟಿದೆ. ಪಾರ್ವತಿಯ ಮದುವೆ ಇದೆ, ಶಿವ ಅರ್ಜುನರ ಕಾದಾಟ ಇದೆ, ದ್ರೌಪದಿಯ ಸ್ವಯಂವರ ಇದೆ, ಆಲದ ಎಲೆ ಮೇಲೆ ಮಲಗಿರುವ ಕೃಷ್ಣ ಇದ್ದಾನೆ. ಕರುವನ್ನು ರಥದ ಕೆಳಗೆ ಸಿಕ್ಕಿಸಿ ಕೊಂದ ಮಗನಿಗೆ ಶಿಕ್ಷೆ ಕೊಡಿಸಿದ ಚೋಳರಾಜನ ಕಥೆಯೂ ಇದೆ. ಹಸು ಬಂದು ನ್ಯಾಯ ಕೇಳುವುದನ್ನು ನೋಡಿ ಚಿಕ್ಕಮ್ಮ "ಅಯ್ಯೋ, ನಮ್ಮ ಪುಣ್ಯಕೋಟಿಯ ಹಾಗೇ ಸತ್ಯವಂತ ಹಸು" ಅಂದರು.

ಮಂಡಿ ನೋವು ಅಂದೆನಲ್ಲ, ಅದೇ ಅನುಕೂಲ ಆಯಿತು. ಅವರು ಒಂದು ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಕೂತು ತಲೆ ಹಿಂದಕ್ಕೆ ಹಾಕಿದರೆ ಕತ್ತು ನೋಯಲ್ಲ, ನೂಕಾಟವೂ ತಾಗಲ್ಲ. ನಿಂತುಕೊಂಡು ನೋಡಿದರೆ ಎರಡು ನಿಮಿಷಕ್ಕೆ ಸಾಕಾಗುತ್ತದೆ. ನಾವು ಮೂರೂ ಜನ ಹಾಗೆ ಕೂತು ಮುಕ್ಕಾಲು ಗಂಟೆ ನೋಡಿದೆವು. ಚಿಕ್ಕಮ್ಮ ಮೂವತ್ತು ವರ್ಷ ಹೊಲಿಗೆ ಮಾಡಿದವರು, ಅವರ ಕಣ್ಣು ನೇರ ಬಟ್ಟೆಗೇ ಹೋಯಿತು. ಹೆಂಗಸರ ಸೀರೆಯ ಅಂಚು ನೋಡು, ಒಬ್ಬರದ್ದಿದ್ದ ಹಾಗೆ ಇನ್ನೊಬ್ಬರದ್ದಿಲ್ಲ, ಇದು ಚೌಕಳಿ, ಇದು ಹೂಬಳ್ಳಿ, ಗಂಡಸರ ತಲೆ ಮೇಲೆ ಆ ಉದ್ದ ಟೋಪಿ ನೋಡು ಅಂತ ಒಂದೊಂದೇ ತೋರಿಸಿದರು. ನಾನು ಅಷ್ಟು ಸಲ ಹೋಗಿದ್ದರೂ ಅಂಚುಗಳನ್ನು ಹಾಗೆ ನೋಡಿರಲಿಲ್ಲ. ಆಮೇಲೆ ಹೊರಗಿನ ಲತಾಮಂಟಪಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಂಬಗಳ ತುಂಬ ಬಳ್ಳಿ, ಹಕ್ಕಿ, ಹೂವಿನ ವಿನ್ಯಾಸಗಳೇ ಇವೆ. ಇವತ್ತಿಗೂ ಇಲ್ಲಿಂದ ಸೀರೆ ಅಂಚಿಗೆ ಮಾದರಿ ತೆಗೆದುಕೊಳ್ಳುತ್ತಾರೆ. ಚಿಕ್ಕಮ್ಮ ತಮ್ಮ ಫೋನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಫೋಟೋ ತೆಗೆದುಕೊಂಡರು.

ಇನ್ನು ಗೈಡ್ ವಿಷಯ. ಹಿಂದೊಮ್ಮೆ ಆಫೀಸಿನವರ ಜೊತೆ ಬಂದಾಗ ಒಬ್ಬ ಗೈಡ್ ಮಾಡಿಕೊಂಡಿದ್ದೆವು. ಇಪ್ಪತ್ತೈದು ನಿಮಿಷದಲ್ಲಿ ಕಂಬ, ಸೀತಮ್ಮನದ್ದು ಅಂತ ಹೇಳುವ ಬಂಡೆ ಮೇಲಿನ ಪಾದದ ಗುರುತು, ಗೋಡೆ ಮೇಲಿನ ಕೆಂಪು ಕಲೆ, ಮುಗೀತು. ಚಾವಣಿ ತೋರಿಸಲೇ ಇಲ್ಲ. ಕೇಳಿದ್ದಕ್ಕೆ "ಅದೆಲ್ಲಾ ಹಳೇ ಪೇಂಟಿಂಗ್ ಸಾರ್" ಅಂತ ಮುಂದೆ ಹೋದರು. ಎಲ್ಲರೂ ಹಾಗೆ ಅಂತ ಹೇಳುತ್ತಿಲ್ಲ. ದುಡ್ಡು ಮಾತಾಡುವ ಮೊದಲು "ಚಾವಣಿ ಚಿತ್ರದ ಕಥೆ ಹೇಳ್ತೀರಾ?" ಅಂತ ಕೇಳಿ. ಹೇಳುತ್ತೇನೆ ಅಂದರೆ ಮಾತ್ರ ಕರೆದುಕೊಳ್ಳಿ. ಕನ್ನಡದಲ್ಲೇ ಕೇಳಿ, ಈ ಕಡೆ ಬಹಳ ಜನಕ್ಕೆ ಕನ್ನಡ ಬರುತ್ತದೆ.

ಹಿಂದೆ ಹೋದರೆ ನಾಗಲಿಂಗ. ಏಳು ಹೆಡೆಯ ಹಾವು ಸುತ್ತಿಕೊಂಡು ಲಿಂಗಕ್ಕೆ ನೆರಳು ಹಿಡಿದಿದೆ, ಅದೂ ಒಂದೇ ಬಂಡೆ. ಅಡುಗೆ ತಡ ಆಯಿತು ಅಂತ, ಊಟಕ್ಕೆ ಕಾಯುವ ಹೊತ್ತಲ್ಲಿ ಶಿಲ್ಪಿಗಳು ಕಡೆದರು ಅಂತ ಕಥೆ ಇದೆ. ಇಲ್ಲಿ ಫೋಟೋಗೆ ಜನ ಜಾಸ್ತಿ, ಪಕ್ಕಕ್ಕೆ ಹೋಗಿ ನಿಂತರೆ ಹೆಡೆಗಳ ಬಾಗು ಇನ್ನೂ ಚೆನ್ನಾಗಿ ಕಾಣುತ್ತದೆ.

ಅದರ ಆಚೆ ಕಲ್ಯಾಣಮಂಟಪ, ಅರ್ಧಕ್ಕೇ ನಿಂತುಹೋದದ್ದು. ಮೇಲೆ ಚಾವಣಿ ಇಲ್ಲ, ಕಂಬಗಳು ಮಾತ್ರ ಆಕಾಶಕ್ಕೆ ನಿಂತಿವೆ. ಶಿವ ಪಾರ್ವತಿಯರ ಮದುವೆಗೆ ಬಂದ ದೇವತೆಗಳು, ಋಷಿಗಳು ಒಂದೊಂದು ಕಂಬದಲ್ಲಿ ಇದ್ದಾರೆ. ಹಿಂದಿನ ದಿನವಷ್ಟೇ ಮದುವೆ ಮುಗಿಸಿ ಬಂದಿದ್ದ ನಮಗೆ ಅದು ಬೇರೆ ಥರವೇ ಅನ್ನಿಸಿತು. ಬೊಕ್ಕಸದ ಹಣ ಹೇಳದೆ ಕೇಳದೆ ಖರ್ಚು ಮಾಡಿದ ಅನ್ನುವ ಆರೋಪ ವಿರುಪಣ್ಣನ ಮೇಲೆ ಬಂತು, ರಾಜ ಕೀಳಿಸುವ ಮೊದಲೇ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದ, ಕೆಲಸ ಅಲ್ಲಿಗೇ ನಿಂತಿತು ಅಂತ ಇಲ್ಲಿನವರು ಹೇಳುತ್ತಾರೆ. ಗೋಡೆ ಮೇಲೆ ಎರಡು ಕೆಂಪು ಕಲೆ ತೋರಿಸುತ್ತಾರೆ. ನಿಜವೋ ಕಥೆಯೋ, ಆ ಖಾಲಿ ಮಂಟಪದಲ್ಲಿ ನಿಂತು ಕೇಳಿದಾಗ ಎದೆ ಭಾರ ಆಗುತ್ತದೆ.

ಚಿಕ್ಕಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಪ್ರಾಕಾರದ ಗೋಡೆ ಹತ್ತಿರ ಬಂದಾಗ ನಿಂತೇಬಿಟ್ಟರು. ಅಲ್ಲಿರುವ ಶಾಸನಗಳ ಅಕ್ಷರ ಕನ್ನಡ. ಹಳೆಯ ಕಾಲದ ರೂಪ, ಎಲ್ಲಾ ಓದೋಕೆ ಆಗಲ್ಲ, ಆದರೆ ಬೆರಳು ತಾಗಿಸದೆ ಗಾಳಿಯಲ್ಲೇ ಗೆರೆ ಎಳೆಯುತ್ತಾ ಒಂದೊಂದೇ ಅಕ್ಷರ ಹಿಡಿದರು. ಆಂಧ್ರದ ಗಡಿಯೊಳಗಿನ ಅಗಳಿ, ರೊಳ್ಳ, ಅಮರಾಪುರದ ಕಡೆಯ ನಮಗೆ ಇದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಅರ್ಜಿ ತೆಲುಗಲ್ಲಿ. ನೀವು ಯಾವ ರಾಜ್ಯದವರು ಅಂತ ಎರಡೂ ಕಡೆಯವರು ಕೇಳುತ್ತಾರೆ. ಆ ಗೋಡೆ ನೋಡಿದಾಗ ಈ ನೆಲದಲ್ಲಿ ನಮ್ಮ ಮಾತು ಎಷ್ಟು ಹಳೆಯದು ಅಂತ ಕಣ್ಣೆದುರೇ ಇರುತ್ತದೆ. ಅಲ್ಲಿ ಒಬ್ಬರೂ ಇರಲಿಲ್ಲ, ಅಷ್ಟು ಜನರ ಮಧ್ಯೆಯೂ.

ಮಧ್ಯಾಹ್ನ ಹೋಗುವವರಿಗೆ ಒಂದು ಎಚ್ಚರಿಕೆ. ಚಪ್ಪಲಿ ಹೊರಗೇ ಬಿಡಬೇಕು, ಒಳಗೆಲ್ಲಾ ಬಂಡೆ, ಹನ್ನೆರಡರ ಮೇಲೆ ಕಾಲು ಇಡೋಕೆ ಆಗಲ್ಲ. ದಪ್ಪ ಕಾಲುಚೀಲ ತನ್ನಿ, ವಯಸ್ಸಾದವರಿಗೂ ಮಕ್ಕಳಿಗೂ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ಚಿಕ್ಕಮ್ಮ ಕಲ್ಯಾಣಮಂಟಪದಿಂದ ನೆರಳಿಗೆ ಬರುವಷ್ಟರಲ್ಲಿ ಅಂಗಾಲು ಕೆಂಪಾಗಿತ್ತು, ಅದು ನಾನು ಮೊದಲೇ ಯೋಚಿಸಬೇಕಿತ್ತು. ನೀರು ಜೊತೆಗಿರಲಿ. ಚಿಕ್ಕ ದುರ್ಬೀನು ಇದ್ದರೆ ಚಾವಣಿಗೆ ತುಂಬ ಉಪಯೋಗ. ಊಟಕ್ಕೆ ನಾವು ಹತ್ತಿರದ ಒಂದು ಹೋಟೆಲಿಗೆ ಹೋಗಿ ಆರ್ಡರ್ ಕೊಟ್ಟು ನಲವತ್ತು ನಿಮಿಷ ಕಾದು, ಬಂದ ಅನ್ನವೂ ತಣ್ಣಗಿತ್ತು. ಭಾನುವಾರ ಆದರೆ ಹಿಂದೂಪುರಕ್ಕೆ ಬಂದು ಊಟ ಮಾಡಿ, ಇಲ್ಲ ಬೆಳಿಗ್ಗೆಯೇ ಒಗ್ಗರಣೆ ಮಂಡಕ್ಕಿ, ಬಜ್ಜಿ ತಿಂದು ಹೊರಡಿ.

ಬೆಂಗಳೂರಿಂದ ಬರುವವರಿಗೆ ಸುಮಾರು 120 ಕಿಲೋಮೀಟರ್, ಹೈದರಾಬಾದ್ ಹೆದ್ದಾರಿಯಲ್ಲಿ ಬಂದು ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಎಡಕ್ಕೆ ತಿರುಗಬೇಕು. ದಯವಿಟ್ಟು ಬೆಳಕು ಹರಿಯುವ ಮೊದಲೇ ಮನೆ ಬಿಡಿ. 2022ರಲ್ಲಿ ಈ ದೇವಸ್ಥಾನ, ನಂದಿ ಎರಡೂ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಪೂರ್ತಿ ಪಟ್ಟಿಗೆ ಸೇರಿದರೆ ಜನ ಇನ್ನೂ ಜಾಸ್ತಿ ಆಗುತ್ತಾರೆ. ವಾರದ ದಿನ ರಜೆ ಸಿಕ್ಕರೆ ಇನ್ನೂ ಒಳ್ಳೆಯದು, ಕಾರ್ತಿಕದ ಸೋಮವಾರ, ಶಿವರಾತ್ರಿ ಬಿಟ್ಟು.

ನಾವು ಒಂದೂಕಾಲಕ್ಕೆ ಹೊರಟೆವು. ಗರ್ಭಗುಡಿಯ ಸಾಲು ಉದ್ದ ಇತ್ತು, ವೀರಭದ್ರನಿಗೆ ದೂರದಿಂದಲೇ ಕೈ ಮುಗಿದೆವು. ಅದೊಂದು ಕೊರಗು ಚಿಕ್ಕಮ್ಮನಿಗೆ ಉಳಿದಿದೆ. ಪ್ಲಾಟ್‌ಫಾರ್ಮಿನಲ್ಲಿ ಕೂತು ಆ ಅಂಚಿನ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ಬುಧವಾರ ಬರುತ್ತಾರಂತೆ, ಹಿಂದಿನ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರಕ್ಕೆ ಗುಡಿ ಬಾಗಿಲಲ್ಲಿ ಇರಬೇಕಂತೆ. ಎರಡು ಜೊತೆ ಕಾಲುಚೀಲ ಈಗಲೇ ತಂದಿಟ್ಟಿದ್ದೇನೆ.